ಮೆಕೋನಿಯಮ್ಮಾ, ಹೊಕ್ಕುಳಬಳ್ಳಿನಾ?
ತಾಯಿ ಬಸುರಲ್ಲಿದ್ದಾಗ ಡ್ರಗ್ಸ್ ತಗೊಂಡಿದ್ಲಾ ಅಂತ ನೋಡೋಕೆ ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುಗೆ ಮಾಡೋ ಡ್ರಗ್ ಟೆಸ್ಟ್ ಅಂದ್ರೆ ಮುಖ್ಯವಾಗಿ ಇವೆರಡೇ, ಯೂರಿನ್ನೂ ಮಾಡ್ತಾರೆ ಆದ್ರೆ ಅದು ಕೊನೆ ಕೆಲವು ದಿನದ್ದು ಮಾತ್ರ ಹೇಳುತ್ತೆ. ಮೆಕೋನಿಯಂ ಅಂದ್ರೆ ಮಗು ಮೊದಲು ಮಾಡೋ ಕಪ್ಪು ಹಸಿರು ಅಂಟಂಟು ಕಕ್ಕ, ಬಸುರಿನ ಕೊನೆ ನಾಲ್ಕೈದು ತಿಂಗಳ ಕಥೆ ಅದರಲ್ಲಿರುತ್ತೆ, ಆದ್ರೆ ನರ್ಸ್ ಒಂದೆರಡು ದಿನ ಡೈಪರ್ ಡೈಪರ್ ಕೆರೆದು ಕೂಡಿಸ್ಬೇಕು, ಮಗು ತಾಯಿ ಹೊಟ್ಟೆಯೊಳಗೇ ಮಾಡ್ಕೊಂಡ್ರೆ ಸ್ಯಾಂಪಲ್ ಸಾಲಲ್ಲ. ಬಳ್ಳಿಯಾದ್ರೆ ಹೆರಿಗೆ ಆದ ತಕ್ಷಣ ಗೇಣುದ್ದ ಕತ್ತರಿಸಿ, ರಕ್ತ ತೊಳೆದು ಕಳಿಸಿದ್ರಾಯ್ತು. ಆದ್ರೆ ಗಾಂಜಾ ಹಿಡಿಯೋದ್ರಲ್ಲಿ ಮೆಕೋನಿಯಮ್ಮೇ ಚುರುಕು. ಅವಸರ ಇದ್ರೆ ನಾನಂತೂ ಬಳ್ಳಿ ಅಂತೀನಿ. ಯಾವುದೇ ಆಗ್ಲಿ ಹೆರಿಗೆ ನೋವಿಗೆ ಡಾಕ್ಟ್ರೇ ಕೊಟ್ಟ ಫೆಂಟನಿಲ್ಲೂ ಪಾಸಿಟಿವ್ ಬರಬಹುದು, ತಾಯಿ ಮೇಲೆ ಗೂಬೆ ಕೂರಿಸೋ ಮುಂಚೆ ಕೇಸ್ ಶೀಟ್ ನೋಡಿ.