ಇಳಿಯದ ಹಿನ್ನೆಲೆ ವಾಹಕತೆ: ಅಯಾನ್ ಕ್ರೊಮಟೋಗ್ರಫಿ ಯಂತ್ರದ ದುರಸ್ತಿ ಸೇವೆಯೊಂದರ ವಿಮರ್ಶೆ

ನಮ್ಮದು ತುಮಕೂರು ಜಿಲ್ಲೆಯ ಕೊಳವೆಬಾವಿಗಳ ನೀರನ್ನು ಪರೀಕ್ಷಿಸುವ ಸಣ್ಣ ಪ್ರಯೋಗಾಲಯ. ನೀರಿನಲ್ಲಿ ಕರಗಿದ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಕಣಗಳನ್ನು) ಬೇರ್ಪಡಿಸಿ, ಅವುಗಳ ವಿದ್ಯುತ್ ವಾಹಕತೆಯಿಂದ ಅಳೆಯುವ ಯಂತ್ರವೇ ಅಯಾನ್ ಕ್ರೊಮಟೋಗ್ರಫಿ ಯಂತ್ರ. ಪಾವಗಡದ ಕಡೆಯಿಂದ ಬರುವ ಮಾದರಿಗಳಲ್ಲಿ ಎಲ್ಲರೂ ಮೊದಲು ಕೇಳುವುದು ಫ್ಲೋರೈಡ್ ಎಷ್ಟಿದೆ ಎಂದೇ. ಕುಡಿಯುವ ನೀರಿನ ಮಾನಕವಾದ ಐಎಸ್ 10500 ಲೀಟರಿಗೆ 1.0 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದಲ್ಲಿ 1.5ರವರೆಗೆ ಬಿಡುತ್ತದೆ. ಯಂತ್ರ ಬಿಡಿಸುವ ನಕ್ಷೆಯಲ್ಲಿ ಫ್ಲೋರೈಡ್ ಶಿಖರವು ಎಲ್ಲಕ್ಕಿಂತ ಮೊದಲು, ಮಾದರಿಯ ನೀರು ಉಂಟುಮಾಡುವ ತಗ್ಗಿನ ಪಕ್ಕದಲ್ಲೇ ಏಳುವುದರಿಂದ, ಹಿನ್ನೆಲೆ ವಾಹಕತೆ (ಮಾದರಿ ಇಲ್ಲದಾಗಲೂ ಹರಿಯುವ ದ್ರವದ ವಾಹಕತೆ) ಏರಿ ನಕ್ಷೆಯ ತಳಗೆರೆಯಾದ ಬೇಸ್‌ಲೈನ್ ಅಲುಗಾಡತೊಡಗಿದರೆ ಮೊದಲು ಕೆಡುವ ಫಲಿತಾಂಶವೂ ಅದೇ.

ನಾವು ಬಳಸುವ ಎಲುಯೆಂಟ್, ಅಂದರೆ ಮಾದರಿಯನ್ನು ಯಂತ್ರದೊಳಗೆ ಸಾಗಿಸುವ ದ್ರವ, 4.5 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್ ಮತ್ತು 1.4 ಮಿಲಿಮೋಲಾರ್ ಬೈಕಾರ್ಬೊನೇಟ್‌ಗಳ ಮಿಶ್ರಣ. ಹರಿವು ನಿಮಿಷಕ್ಕೆ 1.2 ಮಿಲಿಲೀಟರ್. ಎಲುಯೆಂಟಿನ ಸೋಡಿಯಂ ಅಯಾನುಗಳನ್ನು ಪೊರೆಯ ಮೂಲಕ ತೆಗೆದು ಅದರ ವಾಹಕತೆಯನ್ನು ತಗ್ಗಿಸುವ ಭಾಗವಾದ ಸಪ್ರೆಸರ್ ಸರಿಯಾಗಿದ್ದಾಗ ಹಿನ್ನೆಲೆ 19 ಮೈಕ್ರೋಸೀಮೆನ್ಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಸೋಮವಾರ ಅದು 60 ತೋರಿಸಿತು, ಬುಧವಾರದ ಹೊತ್ತಿಗೆ 200 ದಾಟಿತು. ವಾರ್ಷಿಕ ನಿರ್ವಹಣಾ ಒಪ್ಪಂದದ ಸಂಸ್ಥೆಗೆ ಕರೆ ಮಾಡಿದಾಗ, ಸಪ್ರೆಸರ್ ಸತ್ತಿದೆ, ಹೊಸದನ್ನು ತರಿಸಿಕೊಳ್ಳಿ ಎಂದು ಫೋನಿನಲ್ಲೇ ತೀರ್ಪು ಬಂತು. ಒಂದು ಅಂಕಿಯನ್ನೂ ಕೇಳದೆ ಅಷ್ಟು ದುಬಾರಿ ಬಿಡಿಭಾಗವನ್ನು ಬದಲಿಸಲು ಹೇಳುವುದು ತಪ್ಪು. ಈ ಸೇವೆಯ ಬಗ್ಗೆ ನನ್ನ ಮೊದಲ ಆಕ್ಷೇಪ ಇದೇ.

ಮೂರನೆಯ ದಿನ ಬಂದ ಎಂಜಿನಿಯರ್ ಬೇರೆಯವರು, ಅವರ ಕ್ರಮವೂ ಬೇರೆ. ಅವರು ಅಯಾನುಗಳನ್ನು ಬೇರ್ಪಡಿಸುವ ಕೊಳವೆಯಾದ ಕಾಲಮ್ ಮತ್ತು ಸಪ್ರೆಸರ್ ಎರಡನ್ನೂ ಬಿಟ್ಟು ಪಂಪಿನಿಂದ ನೇರವಾಗಿ ವಾಹಕತೆ ಅಳೆಯುವ ಕೋಶಕ್ಕೆ 18.2 ಮೆಗಾಓಮ್ ಮಟ್ಟದ ಅತಿಶುದ್ಧ ನೀರನ್ನು ಹರಿಸಿದರು. ಅಂಕಿ 1ಕ್ಕಿಂತ ಕೆಳಗಿಳಿಯಿತು. ಕೋಶವೂ ನೀರೂ ನಿರ್ದೋಷಿ ಎಂದಾಯಿತು. ಎಲುಯೆಂಟ್ ಹೊಸದಾಗಿ ತಯಾರಿಸಿದರೂ ವ್ಯತ್ಯಾಸವಾಗಲಿಲ್ಲ. ಸಪ್ರೆಸರಿಗೆ ಕೊಡಬೇಕಾದ ವಿದ್ಯುತ್ತನ್ನು ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು: ಹರಿವು 1.2, ಎಲುಯೆಂಟಿನ ಸಾಂದ್ರತೆ 10.4 ಮಿಲಿನಾರ್ಮಲ್ (ಕಾರ್ಬೊನೇಟಿನ 4.5ರ ಎರಡರಷ್ಟು ಮತ್ತು ಬೈಕಾರ್ಬೊನೇಟಿನ 1.4), ಇವೆರಡರ ಗುಣಲಬ್ಧವನ್ನು ಸಪ್ರೆಸರಿಗೆ ನಿಗದಿಯಾದ ಗುಣಕ 2.47ರಿಂದ ಗುಣಿಸಿದರೆ ಸುಮಾರು 31 ಮಿಲಿಆಂಪಿಯರ್. ನಮ್ಮಲ್ಲಿ ಇದ್ದುದೂ ಅಷ್ಟೇ.

ನಿಜವಾದ ಸುಳಿವು ಸಿಕ್ಕಿದ್ದು ಅಳತೆ ಜಾಡಿಯಲ್ಲಿ. ನಮ್ಮ ಯಂತ್ರದಲ್ಲಿ ಕೋಶದಿಂದ ಹೊರಬಂದ ದ್ರವವೇ ಮರಳಿ ಸಪ್ರೆಸರಿನ ಪೊರೆಯ ಇನ್ನೊಂದು ಬದಿಗೆ ಹೋಗಿ, ಪೊರೆ ದಾಟಿ ಬಂದ ಸೋಡಿಯಂ ಅಯಾನುಗಳನ್ನು ಕೊಚ್ಚಿಕೊಂಡು ಹೋಗಬೇಕು. ಹತ್ತು ನಿಮಿಷಕ್ಕೆ 12 ಮಿಲಿಲೀಟರ್ ಬರಬೇಕಾದ, ಆ ದ್ರವ ಕೊನೆಗೆ ಹೊರಬೀಳುವ ಕೊಳವೆಯಿಂದ ಬಂದದ್ದು 4 ಮಾತ್ರ. ಸಪ್ರೆಸರಿಗೆ ಮರಳುವ ದಾರಿಯ ಜೋಡಣೆಯೊಂದು ಸಡಿಲವಾಗಿ ದ್ರವ ಸೋರುತ್ತಿತ್ತು. ಎಲುಯೆಂಟ್ ಸೋರಿದ್ದರೆ ಒಣಗಿದ ಬಿಳಿ ಉಪ್ಪು ಕಣ್ಣಿಗೆ ಬೀಳುತ್ತಿತ್ತು. ಆದರೆ ಸಪ್ರೆಸರ್ ದಾಟಿದ ಮೇಲೆ ಅದು ಬಹುಪಾಲು ನೀರು ಮತ್ತು ಕಾರ್ಬೊನಿಕ್ ಆಮ್ಲವೇ ಆದ್ದರಿಂದ ಆರಿದ ಮೇಲೆ ಗುರುತೇ ಉಳಿಯುವುದಿಲ್ಲ. ವಾರವಿಡೀ ನಾವು ಅದರ ಮುಂದೆಯೇ ಕುಳಿತಿದ್ದರೂ ಕಾಣದಿದ್ದುದಕ್ಕೆ ಕಾರಣ ಇದು.

ಜೋಡಣೆಯನ್ನು ಬದಲಿಸಿ, ಒಣಗಿದ್ದ ಪೊರೆಗೆ ಸಿರಿಂಜಿನಿಂದ ಎರಡೂ ಬದಿಯಲ್ಲಿ ಶುದ್ಧ ನೀರು ತುಂಬಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಹಿನ್ನೆಲೆ ನಿಧಾನವಾಗಿ ಇಳಿದು ಸಂಜೆಗೆ 19.4ರಲ್ಲಿ ನಿಂತಿತು. ಸಪ್ರೆಸರ್ ಹಳೆಯದೇ, ಇಂದಿಗೂ ಕೆಲಸ ಮಾಡುತ್ತಿದೆ.

ಎಂಜಿನಿಯರ್ ಅವರ ಕೌಶಲಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಸಂಸ್ಥೆಗೆ ಕೊಡಲಾರೆ. ಮೂರು ದಿನದ ವಿಳಂಬವನ್ನು ದೂರದ ಊರಿನ ಕಾರಣಕ್ಕೆ ಸಹಿಸಬಹುದು. ಆದರೆ ಅವರು ಬಿಟ್ಟುಹೋದ ಸೇವಾ ವರದಿಯಲ್ಲಿ ಇದ್ದದ್ದು ‘ದೋಷ ಸರಿಪಡಿಸಲಾಗಿದೆ’ ಎಂಬ ಒಂದೇ ಸಾಲು. ಹರಿವಿನ ಅಳತೆ, ವಿದ್ಯುತ್ತಿನ ಲೆಕ್ಕ, ದುರಸ್ತಿಗೆ ಮೊದಲಿನ ಮತ್ತು ನಂತರದ ಹಿನ್ನೆಲೆ, ಇವ್ಯಾವುವೂ ಅದರಲ್ಲಿರಲಿಲ್ಲ. ಪ್ರಯೋಗಾಲಯದ ಗುಣಮಟ್ಟ ಪರಿಶೋಧಕರಿಗೆ ತೋರಿಸಲು ನಾನೇ ನನ್ನ ಟಿಪ್ಪಣಿಯಿಂದ ಬರೆದು ಎಂಜಿನಿಯರ್ ಅವರ ಸಹಿ ಪಡೆದೆ. ಮುಂದಿನ ಒಪ್ಪಂದದಲ್ಲಿ ಈ ನಾಲ್ಕು ಅಂಕಿಗಳು ವರದಿಯಲ್ಲಿರಬೇಕೆಂಬ ಷರತ್ತನ್ನು ಸೇರಿಸಲು ಸಂಸ್ಥೆಗೆ ಪತ್ರ ಬರೆದಿದ್ದೇನೆ. ಅದಕ್ಕೆ ಅವರು ಒಪ್ಪಿದರೆ ಮಾತ್ರ ನವೀಕರಿಸುತ್ತೇವೆ.