ಬಾಯಿ ತೆರೆಯದ ಕೇಸಿಗೆ ಫೈಬರ್ ಸ್ಕೋಪೋ, ವಿಡಿಯೋ ಲ್ಯಾರಿಂಗೋಸ್ಕೋಪೋ?

ದಾವಣಗೆರೆಯ ನರ್ಸಿಂಗ್ ಹೋಂಗಳಿಗೆ ಕರೆದಾಗ ಹೋಗಿ ಅರಿವಳಿಕೆ ಕೊಡುವವನು ನಾನು. ಉಸಿರಿನ ಟ್ಯೂಬನ್ನು ಶ್ವಾಸನಾಳಕ್ಕೆ ಇಳಿಸುವಾಗ ದಾರಿ ನೋಡಲು ಎರಡು ಸಾಧನ: ಮೂಗಿನಿಂದಲೂ ತೂರುವ, ಬಾಗುವ ತೆಳು ನಳಿಕೆಯ ಫೈಬರ್ ಸ್ಕೋಪು; ಬಾಯೊಳಗಿಡುವ ಬ್ಲೇಡಿಗೆ ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪು. ಎರಡೂ ನನ್ನ ಕಾರಿನ ಡಿಕ್ಕಿಯಲ್ಲೇ ಇರುತ್ತವೆ. ಮುಖ, ದವಡೆ ಸೊಟ್ಟಗಾದ ಕೇಸು ಅಂದ್ರೆ ನನ್ನ ಕೈ ಹೋಗುವುದು ಫೈಬರ್ ಸ್ಕೋಪಿಗೇ.

ಜಗಳೂರು ಕಡೆಯ ಹುಡುಗನೊಬ್ಬ. ಚಿಕ್ಕಂದಿನಲ್ಲಿ ಬಿದ್ದು ದವಡೆ ಕೀಲು ಕೂಡಿಕೊಂಡಿದೆ, ಗದ್ದ ಬೆಳೆದೇ ಇಲ್ಲ. ಹಲ್ಲಿನ ನಡುವೆ ಕಿರುಬೆರಳೂ ತೂರಲಿಲ್ಲ. ವಿಡಿಯೋ ಬ್ಲೇಡಿಗೆ ಸುಮಾರು 2 ಸೆಂಟಿಮೀಟರ್ ಜಾಗವಾದರೂ ಬೇಕು. ಅಲ್ಲಿಗೆ ಅದರ ಆಟ ಮುಗಿಯಿತು.

"ಎಚ್ಚರ ಇದ್ದಾಗ್ಲೇ ಪೈಪ್ ಹಾಕ್ತೀರಾ ಸಾರ್?" ಅಂದ. ಹೌದು, ಅದೇ ಫೈಬರಿನ ಬಲ. ಇಂಥವರಿಗೆ ಮೊದಲೇ ಅರಿವಳಿಕೆ ಕೊಟ್ಟು ಎಚ್ಚರ ತಪ್ಪಿಸಿದರೆ ನಾಲಿಗೆ ಹಿಂದೆ ಬೀಳುತ್ತೆ, ಮಾಸ್ಕ್ ಸರಿಯಾಗಿ ಕೂರಲ್ಲ. ಎಚ್ಚರವಿದ್ದರೆ ಉಸಿರು ಅವರದೇ. ಜೊಲ್ಲು ಒಣಗಲು ಗ್ಲೈಕೋಪೈರೋಲೇಟ್, ಮೂಗು ಬಿಡಿಸಲು ಕ್ಸೈಲೋಮೆಟಾಜೋಲಿನ್ ಹನಿ, ಆಮೇಲೆ ಮರಗಟ್ಟಿಸಲು ಲಿಗ್ನೋಕೇನ್. ಲಿಗ್ನೋಕೇನ್ ಎಲ್ಲ ಸೇರಿ ಕೆಜಿಗೆ 9 ಮಿಲಿಗ್ರಾಂ ದಾಟಬಾರದು.

ಒಂದು ತಂಟೆ ಮಾತ್ರ ತಪ್ಪಿದ್ದಲ್ಲ. ಸ್ಕೋಪು ಶ್ವಾಸನಾಳಕ್ಕೆ ಇಳಿದಿರುತ್ತೆ, ಉಂಗುರಗಳು ಚೆನ್ನಾಗಿ ಕಾಣ್ತಿರುತ್ತವೆ. ಅದರ ಮೇಲೆ ಟ್ಯೂಬ್ ಜಾರಿಸಿದರೆ ಗಂಟಲಲ್ಲೇ ನಿಂತುಬಿಡುತ್ತೆ! ಸಾಮಾನ್ಯವಾಗಿ ಟ್ಯೂಬಿನ ತುದಿ ಬಲಗಡೆಯ ಅರಿಟಿನಾಯ್ಡಿಗೆ, ಅಂದ್ರೆ ಸ್ವರತಂತುವಿನ ಹಿಂತುದಿಯ ಪುಟ್ಟ ಮೃದ್ವಸ್ಥಿಗೆ, ತಗುಲಿರುತ್ತದೆ.

ಆಗ ತಳ್ಳಬೇಡಿ. ತಳ್ಳಿದರೆ ಊತ, ರಕ್ತ. ರಕ್ತ ಬಂದರೆ ಫೈಬರ್ ಕುರುಡು. ಟ್ಯೂಬನ್ನು ಒಂಚೂರು ಹಿಂದಕ್ಕೆಳೆದು, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ 90 ಡಿಗ್ರಿ ತಿರುಗಿಸಿ, ರೋಗಿ ಉಸಿರು ಒಳಗೆಳೆದುಕೊಳ್ಳುವಾಗ ಇಳಿಸಿ. ತೆಳು ಸ್ಕೋಪಿನ ಮೇಲೆ ದಪ್ಪ ಟ್ಯೂಬ್ ಏರಿಸಿದರೆ ನಡುವೆ ಸಂದು ಉಳಿದು ಈ ಕಾಟ ಜಾಸ್ತಿ. ಅದಕ್ಕೇ ನಾನು ಸಣ್ಣ ಸೈಜಿನ, ಗೋಡೆಯೊಳಗೆ ತಂತಿ ಸುರುಳಿ ಇರುವ, ಬಾಗುವ ಫ್ಲೆಕ್ಸೋಮೆಟಾಲಿಕ್ ಟ್ಯೂಬನ್ನೇ ಆರಿಸುತ್ತೇನೆ.

ವಿಡಿಯೋ ಕೆಟ್ಟದ್ದೇನಲ್ಲ. ಬಾಯಿ ತೆರೆಯುವವರಿಗೆ ಬೇಗ ಕೆಲಸ ಆಗುತ್ತೆ, ಪರದೆ ಸಿಸ್ಟರ್‌ಗೂ ಕಾಣುತ್ತೆ. ಆದರೆ ಜಾಸ್ತಿ ಬಾಗಿದ ಬ್ಲೇಡಿನಲ್ಲಿ ಸ್ವರತಂತು ಕಂಡರೂ ಟ್ಯೂಬ್ ಹೋಗಲ್ಲ. ಟ್ಯೂಬಿನೊಳಗೆ ಹಾಕುವ ಗಟ್ಟಿ ತಂತಿ, ಸ್ಟೈಲೆಟ್ಟನ್ನು, ಬ್ಲೇಡಿನಷ್ಟೇ ಬಾಗಿಸಿಟ್ಟುಕೊಳ್ಳಬೇಕು.

ಫೈಬರ್ ದುಬಾರಿ, ಲಕ್ಷಗಳ ಮಾತು. ಜೋರಾಗಿ ಮಡಚಿದರೆ ಒಳಗಿನ ಎಳೆ ಮುರಿದು ಚಿತ್ರದಲ್ಲಿ ಕಪ್ಪು ಚುಕ್ಕೆ ಬೀಳುತ್ತೆ. ಪ್ರತಿ ಕೇಸಾದ ಮೇಲೂ ತೊಳೆದು, ಸೋಂಕುನಾಶಕದಲ್ಲಿ ನೆನೆಸಬೇಕು. ನನಗೆ ದವಡೆ ಕೇಸುಗಳೇ ಜಾಸ್ತಿ, ಹಾಗಾಗಿ ಹಾಕಿದ ದುಡ್ಡು ದಂಡ ಅನಿಸಿಲ್ಲ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದವರು ಮೊದಲು ವಿಡಿಯೋನೇ ಕೊಳ್ಳಿ. ಆದರೆ ಬಾಯಿ ತೆರೆಯದ ಕೇಸನ್ನು ಫೈಬರ್ ಇಲ್ಲದೆ ಒಪ್ಪಿಕೊಳ್ಳಬೇಡಿ. ಎರಡೂ ಕೈಕೊಟ್ಟರೆ ಕತ್ತಿನಿಂದ ದಾರಿ ಮಾಡಲು ಸರ್ಜನ್ ಗ್ಲೌಸ್ ಹಾಕಿಕೊಂಡು ಪಕ್ಕದಲ್ಲೇ ನಿಂತಿರಬೇಕು, ಫೋನಿನಲ್ಲಲ್ಲ.