ಮುಖವಾಡದವನ ಎರಡು ಪ್ಲೇಟು

ನಮ್ಮಜ್ಜ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಎನ್ನುತ್ತಿದ್ದರು. ಲೋಹದ ಮುಖವಾಡ ಹಾಕುತ್ತಿದ್ದ ರ‍್ಯಾಪರ್ ಎಂಎಫ್ ಡೂಮ್‌ನ ‘ಎಂಎಂ.. ಫುಡ್’ ಆಲ್ಬಮ್ಮು ಮನೆಗೆ ಬಂದ ದಿನ ಆ ಮಾತು ನೆನಪಾಗಿ ನಗು ಬಂತು. ಎರಡು ಪ್ಲೇಟು, 15 ಹಾಡು, ಹೆಚ್ಚುಕಡಿಮೆ ಎಲ್ಲದರ ಹೆಸರಲ್ಲೂ ತಿನ್ನುವುದೋ ಕುಡಿಯುವುದೋ ಇದೆ. ಆಲ್ಬಮ್ಮಿನ ಹೆಸರೂ ಅಷ್ಟೇ. ತನ್ನ ಹೆಸರಿನ ಆರು ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಬಡಿಸಿದ್ದಾನೆ.

ಮೊದಲು ದೂರು ಹೇಳಿಬಿಡುತ್ತೇನೆ. ಮೂರೂವರೆ ಸಾವಿರ ಕೊಟ್ಟೆ. ಮಾರಿದವರು ತೆಳ್ಳಗಿನ ರಟ್ಟಲ್ಲಿ ಸುತ್ತಿ ಕಳಿಸಿದ್ದರು. ಹೊದಿಕೆಯ ಮೂಲೆ ನಾಯಿಕಿವಿ ಥರ ಮಡಚಿತ್ತು. ಫೋಟೋ ಕಳಿಸಿದರೆ ‘ರೆಕಾರ್ಡಿಗೆ ಏನೂ ಆಗಿಲ್ಲ ಅಲ್ವಾ ಸರ್’ ಅಂತ ಉತ್ತರ. ಆಗಿರಲಿಲ್ಲ, ನಿಜ. ಆದರೆ ಈ ಮನುಷ್ಯನ ಮಟ್ಟಿಗೆ ಹೊದಿಕೆಯೇ ಅರ್ಧ ಸರಕು.

ಯಾಕೆಂದರೆ ಹೊದಿಕೆಯ ಮೇಲಿನ ಆ ಮುಖವಾಡ ಶೋಕಿಗೆ ಬಂದದ್ದಲ್ಲ. ಡೇನಿಯಲ್ ಡುಮಿಲೆ (ಡೂಮ್‌ನ ನಿಜವಾದ ಹೆಸರು) ತನ್ನ ತಮ್ಮ ಸಬ್‌ರಾಕ್ ಜೊತೆ ಕೆಎಂಡಿ ಎಂಬ ರ‍್ಯಾಪ್ ತಂಡದಲ್ಲಿದ್ದ. 1993ರಲ್ಲಿ ಕಾರು ಬಡಿದು ಆ ತಮ್ಮ ಸತ್ತ. ಅದರ ಬೆನ್ನಿಗೇ ಇಲೆಕ್ಟ್ರಾ ಎಂಬ ರೆಕಾರ್ಡ್ ಕಂಪನಿ, ಮುಖಪುಟದ ಚಿತ್ರದ ಗಲಾಟೆಯಲ್ಲಿ, ಅವರ ಎರಡನೇ ಆಲ್ಬಮ್ಮನ್ನೂ ತಂಡವನ್ನೂ ಕೈಬಿಟ್ಟಿತು. ಕೆಲವು ವರ್ಷ ಆಸಾಮಿ ನಾಪತ್ತೆ. ಆಮೇಲೆ ಮ್ಯಾನ್‌ಹಟನ್ನಿನ ಒಂದು ಕೆಫೆಯಲ್ಲಿ ತಲೆಗೆ ಕಾಲುಚೀಲ ಎಳೆದುಕೊಂಡು ಮೈಕ್ ಹಿಡಿದ. ಲೋಹದ ಮುಖ ಬಂದದ್ದು ಅದರ ನಂತರ. ದೊಡ್ಡ ಕಂಪನಿಗಳ ಸಹವಾಸ ಬಿಟ್ಟು ಸಣ್ಣ ಲೇಬಲ್‌ಗಳಲ್ಲೇ (ರೆಕಾರ್ಡ್ ಕಂಪನಿಗಳಲ್ಲೇ) ಹೆಸರು ಮಾಡಿದ. 2004 ಒಂದೇ ವರ್ಷ ನೋಡಿ: ಮಾರ್ಚ್‌ನಲ್ಲಿ ಸಂಗೀತ ಹೆಣೆಯುವ ಮ್ಯಾಡ್‌ಲಿಬ್ ಜೊತೆ ‘ಮ್ಯಾಡ್‌ವಿಲನಿ’, ನವೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ರೈಮ್‌ಸೇಯರ್ಸ್ ಲೇಬಲ್‌ನಿಂದ ಇದು.

ನಡುವೆ ನಾಲ್ಕು ಟ್ರ್ಯಾಕ್‌ಗಳಲ್ಲಿ ರ‍್ಯಾಪ್ ಇಲ್ಲವೇ ಇಲ್ಲ. ಹೆಚ್ಚಾಗಿ ಹಳೆ ಕಾರ್ಟೂನಿನ ಮಾತುಗಳ ತುಂಡು. ಫೋನಲ್ಲಿ ಯಾವಾಗಲೂ ಹಾರಿಸಿಬಿಡುತ್ತಿದ್ದೆ. ಇಲ್ಲಿ ಕೈಯಲ್ಲಿ ಕಾಫಿ ಲೋಟ, ಎದ್ದು ಸೂಜಿ ಎತ್ತುವುದು ಯಾರು? ಸುಮ್ನೆ ಕೂತು ಕೇಳಿದೆ. ಬೇಜಾರು ಅನ್ನಿಸಲಿಲ್ಲ, ಆದರೂ ಉದ್ದ ಜಾಸ್ತಿಯಾಯಿತು. ಅದಾದ ಮೇಲೆ ‘ಕಾನ್ ಕಾರ್ನೆ’ ಬರುತ್ತದೆ. ಅಷ್ಟು ಹೊತ್ತು ಖಳನಾಯಕನಾಗಿ ಮೆರೆದವನು ಅಲ್ಲಿ ತಮ್ಮನ ಹೆಸರು ಹೇಳುತ್ತಾನೆ. ದನಿ ಏರುವುದಿಲ್ಲ. ಅದೇ ಗೊರಗೊರ, ಅದೇ ನಿಧಾನ. ನಾನು ಲೋಟ ಕೆಳಗಿಟ್ಟೆ.

ಒಂದು ವಿಷಯಕ್ಕೆ ಮಾತ್ರ ಅವನನ್ನು ಕ್ಷಮಿಸಲಾರೆ. ಕೆಲವು ಕಾರ್ಯಕ್ರಮಗಳಿಗೆ ಬೇರೆಯವರಿಗೆ ಮುಖವಾಡ ಹಾಕಿ ಕಳಿಸಿದ. ಬರೆದವನು ನಾನು, ಆಡಿಸುವವನೂ ನಾನೇ ಎಂಬಂಥ ಸಮಜಾಯಿಷಿ ಬೇರೆ. ನಾನು ಕುಂದಾಪುರದ ಕಡೆಯವನು. ಬಣ್ಣದ ವೇಷದ ಒಳಗೆ ಯಾರಿದ್ದಾರೆಂದು ಹೆಜ್ಜೆ ನೋಡಿಯೇ ಹೇಳುವವರ ಮಧ್ಯೆ ಬೆಳೆದವನು. ವೇಷ ಎಷ್ಟೇ ದಪ್ಪವಿರಲಿ, ಕುಣಿಯುವವನನ್ನು ನೋಡಲೆಂದೇ ಜನ ಚಾಪೆ ಹಿಡಿದು ಬರುವುದು. ಟಿಕೆಟ್ ಕೊಂಡವರು ಕೂಗಾಡಿದ್ದು ಸರಿಯೇ. ಅವನ ಅಭಿಮಾನಿಗಳು ಇದನ್ನೂ ಕಲೆ ಅಂತಾರೆ. ಇರಲಿ.

ಮೊದಲ ಸಲ ಕೇಳುವವರು ಫೋನಲ್ಲೇ ಕೇಳಿ, ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಿಡಿಸಿದರೆ ಪ್ಲೇಟು ತರಿಸಿ, ದಪ್ಪ ರಟ್ಟಲ್ಲಿ ಕಳಿಸಲು ಮೊದಲೇ ಹೇಳಿ. ನನ್ನದರ ಮೇಲೆ ನಿಘಂಟು ಹೇರಿ ವಾರವಾಯಿತು. ಮೂಲೆ ಇನ್ನೂ ನೆಟ್ಟಗಾಗಿಲ್ಲ.